ಬಟ್ಟಲಿನ ಒಳಮೈಯ ಕೆಂಪು

ಅಕ್ಕನ ಮಗಳಿಗೆ ಈಗ ಎಂಟು ತಿಂಗಳು ತುಂಬಿದೆ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನಿಂತ ಬಸಿರು. ವಿಶ್ರಾಂತಿ ಬೇಕೆಂದು ಡಾಕ್ಟರು ಹೇಳಿದ್ದರಿಂದ ಐದನೇ ತಿಂಗಳಿಗೇ ಮುಂಡರಗಿಯ ತವರಿಗೆ ಬಂದಿದ್ದಾಳೆ. ನಾನು ಕೈಯಾರೆ ಮಾಡಿಕೊಟ್ಟ ಒಂದು ಹಲಗೆಯ ಮೇಲೆ ಸುಮಾರು ಮೂರು ತಿಂಗಳು ಅವಳ ಊಟಕ್ಕೆ ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ, ಮೆಂತೆ ಸೊಪ್ಪು ಹೆಚ್ಚಿದ್ದಾರೆ. ಎಲ್ಲವೂ ಹಸಿಯಾಗಿಯೇ ರೊಟ್ಟಿಯ ಮಗ್ಗುಲಿಗೆ ಬೀಳುವಂಥವು. ಆ ಹಲಗೆಯಲ್ಲಿ ವಿಷವಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇದನ್ನು ಬರೆಯುವ ಹೊತ್ತಿಗೂ ಗೊತ್ತಾಗಿಲ್ಲ.

ಇದನ್ನು ಈಗಾಗಲೇ ಎರಡು ಸಲ ಬರೆದಿದ್ದೇನೆ. ಮೊದಲ ಸಲ ಬರೆದದ್ದರಲ್ಲಿ ನಾನು ಬಹಳ ಒಳ್ಳೆಯವನಾಗಿದ್ದೆ, ಎರಡನೆಯದರಲ್ಲಿ ಬಹಳ ಕೆಟ್ಟವನು. ಎರಡೂ ಓದಲು ಚೆನ್ನಾಗಿದ್ದವು. ಅದಕ್ಕೇ ಹರಿದು ಹಾಕಿದೆ. ಈ ಸಲ ನೆನಪಾದದ್ದನ್ನು ನೆನಪಾದ ಹಾಗೆ ಬರೆದು, ತಪ್ಪೆಂದು ಗೊತ್ತಾದಲ್ಲಿ ತಪ್ಪೆಂದು ಹೇಳುತ್ತ ಹೋಗುತ್ತೇನೆ.

ಮರದ ಕೆಲಸ ಕಲಿತದ್ದು ಕಚೇರಿಯಿಂದ ನಿವೃತ್ತನಾದ ಮೇಲೆ. ಬೆಟಗೇರಿಯ ನಮ್ಮ ಮನೆಯ ಹಿತ್ತಲಲ್ಲಿ ಹಿಂದೆ ಎಮ್ಮೆ ಕಟ್ಟುತ್ತಿದ್ದ ತಗಡಿನ ಸೂರೊಂದಿದೆ. ಅದರ ನೆಲಕ್ಕೆ ಸಿಮೆಂಟ್ ಬಳಿಸಿ, ಗೋಡೆಗೆ ಒಂದು ಕಿಟಕಿ ಒಡೆಸಿ, ಮೇಜಿನ ಗರಗಸ ತಂದು ಕೂರಿಸಿದೆ. ಕಲಿಸಿದವನು ಓಣಿಯ ಕೊನೆಯ ಮನೆಯ ಬಡಿಗ. ನನಗಿಂತ ಹತ್ತು ವರ್ಷ ಚಿಕ್ಕವನು. ಮೊದಲ ದಿನ ಬಂದವನೇ ಎರಡೂ ಕೈ ಎತ್ತಿ ಬೆರಳು ಅಗಲಿಸಿ ತೋರಿಸಿದ.

“ಎಣಸ್ರಿ ಸರ.”

“ಹತ್ತು.”

“ಮೂವತ್ತ ವರ್ಷ ಆತು ಗರಗಸದ ಮುಂದ ನಿಂತು. ಹತ್ತೂ ಅದಾವ. ನಮ್ಮ ಮಂದಿಯೊಳಗ ಹತ್ತ ಇದ್ದಾವ ಸಿಗೂದು ಹುಡುಕಿದಷ್ಟ. ಮಷೀನ್ ಚಾಲೂ ಮಾಡೂಕಿಂತ ಮೊದಲ ದಿನಾ ಎಣಸ್ರಿ. ಬಂದ್ ಮಾಡಿದ ಮ್ಯಾಲ ಮತ್ತ ಎಣಸ್ರಿ. ಲೆಕ್ಕ ಸರಿ ಬಂದ್ರ ಅವತ್ತಿನ ಪಗಾರ ಬಂತಂತ ತಿಳಕೊಳ್ರಿ.”

ಅವನ ನಿಯಮಗಳು ಬಹಳವಿದ್ದವು. ಕೊರಳಲ್ಲಿ ವಲ್ಲಿ, ಟವೆಲ್ಲು ಇರಬಾರದು, ತೋಳು ಮಡಚಿರಬೇಕು. ಗರಗಸದ ನೇರಕ್ಕೆ ನಿಲ್ಲದೆ ಬಗಲಿಗೆ ನಿಲ್ಲಬೇಕು, ಯಾಕೆಂದರೆ ಕಟ್ಟಿಗೆ ತಿರುಗಿ ಒದ್ದರೆ ಹೊಟ್ಟೆಗೇ ಬರುತ್ತದೆ. ಸಣ್ಣ ಪಟ್ಟಿಯನ್ನು ಬೆರಳಿನಿಂದ ದೂಡಬಾರದು, ಅದಕ್ಕೊಂದು ದಬ್ಬುಗೋಲು ಇಟ್ಟುಕೊಳ್ಳಬೇಕು. ಹಳೆಯ ಕಟ್ಟಿಗೆಯಾದರೆ ಮೊದಲು ಆಯಸ್ಕಾಂತ ಆಡಿಸಿ ಮೊಳೆ ಹುಡುಕಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ನಾನು ಒಂದನ್ನೂ ತಪ್ಪಿಸಲಿಲ್ಲ. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿಂದ ನೋಡಿ ನಗುತ್ತಿದ್ದಳು. “ಇವರು ಒಳಗ ಹೋಗೂದ ನೋಡಿದ್ರ ಕಟಿಗಿ ಕೊಯ್ಯಾಕ ಹೊಂಟಂಗ ಕಾಣೂದಿಲ್ಲ, ಯಾರಿಗೋ ಆಪರೇಶನ್ ಮಾಡಾಕ ಹೊಂಟಂಗ ಕಾಣತೈತಿ.”

ತರಕಾರಿ ಹೆಚ್ಚುವ ಹಲಗೆಗಳಿಗೆ ಹೇಗೆ ಬಂದೆನೋ ಸರಿಯಾಗಿ ಹೇಳಲಾರೆ. ನಮ್ಮ ಮನೆಗಳಲ್ಲಿ ಹೆಂಗಸರು ನೆಲದ ಮೇಲೆ ಈಳಿಗೆ ಇಟ್ಟುಕೊಂಡು ಕೂತು ಹೆಚ್ಚುವವರು. ಈಗ ಮೊಣಕಾಲು ನೋವಿನವರೆಲ್ಲ ಕಟ್ಟೆಯ ಮುಂದೆ ನಿಂತು ಚಾಕು ಹಿಡಿದಿದ್ದಾರೆ. ಅಂಗಡಿಯ ಪ್ಲಾಸ್ಟಿಕ್ ಹಲಗೆ ನೋಡಲಾಗದೆ ಒಂದು ಮಾಡಿದೆ. ಅದನ್ನು ನೋಡಿದವರು ನಮಗೂ ಬೇಕೆಂದರು. ಹೊಗಳಿಕೆ ಕೇಳಿ ಮತ್ತೆ ಮಾಡಿದೆ. ಕಪ್ಪು ಕಟ್ಟಿಗೆ, ಬಿಳಿ ಕಟ್ಟಿಗೆ ಪಟ್ಟಿಗಳಾಗಿ ಕೊಯ್ದು, ಅಂಟು ಹಚ್ಚಿ ಬಿಗಿದು, ಒಣಗಿದ ಮೇಲೆ ಅಡ್ಡ ಕೊಯ್ದು, ಒಂದು ಬಿಟ್ಟು ಒಂದು ತಿರುಗಿಸಿ ಮತ್ತೆ ಅಂಟಿಸಿದರೆ ಸೀರೆಯ ಚೌಕಡಿ ಬರುತ್ತದೆ. ನೇಕಾರರ ಊರಾದ ಬೆಟಗೇರಿಯಲ್ಲಿ ಬಾಳಿದವನಿಗೆ ಆ ಚೌಕಡಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ವಾರ್ನಿಶ್ ಹಚ್ಚಲಿಲ್ಲ, ಅದು ಹೊಟ್ಟೆಗೆ ಹೋಗುವಂಥದ್ದಲ್ಲ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಯನ್ನೂ ಹಚ್ಚಲಿಲ್ಲ, ಅದಕ್ಕೆ ಬೇಗ ಒಣಗಲೆಂದು ಏನೇನೋ ಸೇರಿಸುತ್ತಾರೆ. ಗಾಣಕ್ಕೆ ಹೋಗಿ ಕಣ್ಣೆದುರು ತೆಗೆಸಿದ ಅಗಸೆ ಎಣ್ಣೆಯನ್ನೇ ಹಚ್ಚಿ ಎರಡು ವಾರ ಒಣಗಿಸುತ್ತಿದ್ದೆ. ಅಂಟಿನ ಡಬ್ಬಿಯ ಮೇಲೆ ಆಹಾರ ತಗಲಿದರೆ ತೊಂದರೆಯಿಲ್ಲವೆಂದು ಬರೆದದ್ದನ್ನು ಎರಡು ಸಲ ಓದುತ್ತಿದ್ದೆ.

ಇಷ್ಟು ಜಾಗರೂಕತೆಯ ಮನುಷ್ಯ. ಅದನ್ನೇ ಹೇಳುತ್ತಿದ್ದೇನೆ.

ಹೊಂಬಳದಲ್ಲಿ ನಮ್ಮ ತಂದೆಯ ಮನೆಯ ಮಾಳಿಗೆ ರಿಪೇರಿಗೆ ತೆಗೆದಾಗ ಅಟ್ಟದ ಮೇಲಿಂದ ಕೂರಿಗಿ ಇಳಿಯಿತು. ನಮ್ಮ ಹೊಲವನ್ನು ಈಗ ಬೇರೆಯವರು ಪಾಲಿಗೆ ಮಾಡುತ್ತಾರೆ, ಬಿತ್ತನೆ ಟ್ರ್ಯಾಕ್ಟರಿನದು. ಎತ್ತು ಹೂಡಿ ಬೀಜ ಬಿತ್ತುವ ಆ ಕೂರಿಗಿ ಎಷ್ಟು ವರ್ಷದಿಂದ ಅಲ್ಲಿತ್ತೋ. ಅದರ ಅಡ್ಡ ದಿಂಡು ಕರಿಜಾಲಿ ಮರದ ಗಟ್ಟಿ ತಿರುಳಾದ ಚೇಗಿನದು, ಗಟ್ಟಿಯೆಂದರೆ ಕಬ್ಬಿಣ. ಮೇಲೆ ಬೀಜ ಸುರಿಯುವ ಮರದ ಬಟ್ಟಲು. ಬಟ್ಟಲಿನ ತಳದಲ್ಲಿ ನಾಲ್ಕು ತೂತು. ತೂತಿನಿಂದ ಬಿದಿರ ಕೊಳವೆಗಳಲ್ಲಿ ಇಳಿದು ಬೀಜ ಮಣ್ಣಿಗೆ ಸೇರಬೇಕು.

ನಮ್ಮಲ್ಲಿ ಕೂರಿಗಿಯನ್ನು ಚಪ್ಪಲಿಗಾಲಲ್ಲಿ ಮುಟ್ಟುವುದಿಲ್ಲ, ದಾಟುವುದಿಲ್ಲ. ಬಿತ್ತನೆಯ ಮುಂಜಾನೆ ಅದಕ್ಕೆ ಸುಣ್ಣ, ಕೆಮ್ಮಣ್ಣು ಬಳಿದು, ಹಸಿರು ಬಳೆ ಕಟ್ಟಿ, ಕುಬಸದ ಕಣ, ಅಂದರೆ ರವಿಕೆಬಟ್ಟೆ, ಹೊದಿಸಿ, ಆಮೇಲೆ ಹೊಲಕ್ಕೆ ಒಯ್ಯುವುದು. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ. ಮುರಿದರೂ ಅದನ್ನು ಒಲೆಗೆ ಹಾಕುವುದಿಲ್ಲ.

ಅಕ್ಕ ಫೋನಿನಲ್ಲಿ, “ಅದರಿಂದ ನನಗ ಏನಾರ ಮಾಡಿಕೊಡು, ಅಪ್ಪನ ಕೈ ಆಡಿದ್ದು ಮನ್ಯಾಗ ಇರ್ಲಿ,” ಅಂದಳು. ಹಾಗೆಂದು ನನ್ನ ನೆನಪು. ಹಾಗೆ ಹೇಳಿಯೇ ಇಲ್ಲವೆಂದು ಈಗ ಅವಳು ಹೇಳುತ್ತಾಳೆ. ನಾನೇ ಮಾಡಿಕೊಡುತ್ತೇನೆಂದು ಹಟ ಹಿಡಿದೆನಂತೆ. ಯಾರು ಹೇಳಿದರೇನು, ಮಾಡಿದವನು ನಾನು. ದಿಂಡಿನ ಕರಿಜಾಲಿ, ಹಳೆಯ ಬಾಗಿಲಿನ ಸಾಗವಾನಿ ಸೇರಿಸಿ ಚೌಕಡಿ ಕೂಡಿಸಿದೆ. ಬಟ್ಟಲಿನ ತಳವನ್ನು ಅಡ್ಡಕ್ಕೆ ಎರಡು ಬಿಲ್ಲೆಯಾಗಿ ಕೊಯ್ದೆ. ಒಂದು ಬಿಲ್ಲೆಯನ್ನು ಹಲಗೆಯ ನಟ್ಟನಡುವೆ ಕೆತ್ತಿ ಕೂರಿಸಿ, ಅದರ ನಾಲ್ಕು ತೂತಿಗೂ ಸಾಗವಾನಿಯ ಬೆಣೆ ಹೊಡೆದೆ. ಕಪ್ಪು ಹೂವಿಗೆ ನಾಲ್ಕು ಹೊಂಬಣ್ಣದ ಕಣ್ಣು. ಆ ಬಿಲ್ಲೆಯ ಮೈಯಲ್ಲಿ, ತೂತುಗಳ ಸುತ್ತ, ಕಟ್ಟಿಗೆಯ ಗೆರೆಗಳೊಳಗೆ ಒಂದು ಕೆಂಪಿತ್ತು. ಉಜ್ಜುತ್ತ ಹೋದೆ, ಹೋಗಲಿಲ್ಲ. ಇನ್ನಷ್ಟು ಉಜ್ಜಿದ್ದರೆ ಹೋಗುತ್ತಿತ್ತೇನೋ. ಇರಲಿ ಎಂದು ನಿಲ್ಲಿಸಿದೆ. ಪೂಜೆಯ ಕೆಮ್ಮಣ್ಣು, ನಮ್ಮ ಅವ್ವ ಬಳಿದದ್ದು ಎಂದುಕೊಂಡೆ. ಅದರ ಮೇಲೆ ಎಣ್ಣೆ ಹಚ್ಚಿದಾಗ ಕೆಂಪು ಹೊಳೆಯಿತು. ಅವತ್ತು ಬಹಳ ಸಂತೋಷಪಟ್ಟೆ. ಕಣ್ಣು ತುಂಬಿ ಬಂತೆಂದು ಮೊದಲ ಸಲ ಬರೆದಿದ್ದೆ, ತುಂಬಿರಲಿಲ್ಲ.

ಎರಡನೇ ಬಿಲ್ಲೆ ಸೂರಿನಲ್ಲೇ ಉಳಿದಿತ್ತು. ಮೂರು ತಿಂಗಳ ಮೇಲೆ ನಮ್ಮ ಮನೆಗೂ ಒಂದು ಮಾಡೋಣವೆಂದು ಅದನ್ನು ಕೈಗೆತ್ತಿಕೊಂಡಿದ್ದೆ. ಬಡಿಗ ಗರಗಸದ ಹಲ್ಲು ನೋಡಲು ಬಂದಿದ್ದ. ಬಿಲ್ಲೆಯನ್ನು ತಿರುವಿ ನೋಡಿದ.

“ಇದೇನ್ ಕೆಂಪು ಸರ?”

“ಕೆಮ್ಮಣ್ಣು. ಕೂರಿಗಿ ಪೂಜಿದು.”

ಅವನು ಅಂಗಿಯ ತುದಿ ಒದ್ದೆ ಮಾಡಿ ಉಜ್ಜಿದ. ಬಟ್ಟೆಗೆ ಗುಲಾಬಿ ಹತ್ತಿತು. ಮೂಗಿನ ಹತ್ತಿರ ಹಿಡಿದು, ಮುಖ ಹಿಂದೆ ತೆಗೆದ.

“ಸರ, ಕೆಮ್ಮಣ್ಣ ಬಟ್ಟಲಕ್ಕ ಹೊರಗ ಹಚ್ತಾರೋ ಒಳಗ ಹಚ್ತಾರೋ?”

“ಹೊರಗ.”

“ಇದು ಒಳಗೈತಿ. ತೂತಿನ ಒಳಗೂ ಐತಿ. ಇದು ಬೀಜಕ್ಕ ಹಚ್ಚೂ ಔಷಧದ ಪುಡಿ ಸರ. ಕೂರಿಗಿ ರಿಪೇರಿಗೆ ಬಂದ್ರ ನಮ್ಮಪ್ಪ ಬಟ್ಟಲಾ ಮುಟ್ಟತಿದ್ದಿಲ್ಲ, ಬ್ಯಾರೇದ ಹಾಕಿಕೊಡ್ತಿದ್ದ.” ಆಮೇಲೆ, ನನ್ನ ಮುಖ ನೋಡಿ, “ಇದರದ ಇನ್ನೊಂದು ಹೋಳು ಎಲ್ಲೈತ್ರಿ?” ಅಂದ.

ಹೊರಗೆ ಹಚ್ಚುವ ಕೆಂಪು ಒಳಗೆ ಹೇಗೆ ಬಂತೆಂದು ಮೂರು ತಿಂಗಳಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ವಾರ್ನಿಶ್ ಬಗ್ಗೆ ಕೇಳಿಕೊಂಡೆ, ಅಂಟಿನ ಬಗ್ಗೆ ಕೇಳಿಕೊಂಡೆ, ಎಣ್ಣೆಯ ಬಗ್ಗೆ ಕೇಳಿಕೊಂಡೆ. ಅವೆಲ್ಲ ಅಂಗಡಿಯಿಂದ ಬಂದವು. ಇದು ಅಟ್ಟದಿಂದ ಬಂದದ್ದು, ಕೈ ಮುಗಿದು ಇಳಿಸಿಕೊಂಡದ್ದು. ಪೂಜೆಯ ಸಾಮಾನು ಮೈಲಿಗೆಯಾಗಬಹುದು, ವಿಷವಾಗಲಾರದು ಎಂದು ನನ್ನೊಳಗೆ ಯಾರೋ ತೀರ್ಮಾನಿಸಿಬಿಟ್ಟಿದ್ದರು. ಸುರಕ್ಷತೆ ಎಂದರೆ ನನಗೆ ನನ್ನ ಬೆರಳು, ನನ್ನ ಕಣ್ಣು, ನನ್ನ ಪುಪ್ಪುಸ. ಹಲಗೆ ನನ್ನ ಸೂರಿನಿಂದ ಹೊರಗೆ ಹೋದ ಮೇಲೆ ಆಗುವುದು ಅದರಲ್ಲಿ ಸೇರಿರಲಿಲ್ಲ.

ಫೋನಿನಲ್ಲಿ ಹೇಳಿದ್ದರೆ ಒಂದು ನಿಮಿಷದ ಮಾತು. ಹೇಳಲಿಲ್ಲ. ಮುಖ ನೋಡಿ ಹೇಳಬೇಕಾದ ಮಾತು ಎಂದುಕೊಂಡೆ. ಹಾಗೆಂದುಕೊಂಡು ಒಂದು ರಾತ್ರಿ ಕಳೆದೆ, ಮುಂಜಾನೆ ಮುಂಡರಗಿ ಬಸ್ಸು ಹತ್ತಿದೆ. ಅಷ್ಟರಲ್ಲಿ ಅಲ್ಲಿ ಎರಡು ಊಟ ಆಗಿದ್ದವು. ಡಂಬಳ ದಾಟುವವರೆಗೆ, ಹೇಗೆ ಹೇಳಬೇಕೆಂದು ಯೋಚಿಸುತ್ತಿದ್ದೆ ಎಂದು ಬರೆಯಬಹುದು. ಖರೆ ಹೇಳಬೇಕೆಂದರೆ, ಏನು ಹೇಳಿದರೆ ನನ್ನ ಮೇಲೆ ತಪ್ಪು ಕಡಿಮೆ ಬರುತ್ತದೆ ಎಂದು ಯೋಚಿಸುತ್ತಿದ್ದೆ.

ಬಾಗಿಲು ತೆಗೆದವಳು ಅಕ್ಕನ ಮಗಳು. “ಮಾಮಾ! ಫೋನ್ ಮಾಡದ ಬಂದೀರಿ? ಬರ್ರಿ, ಕುಂಡ್ರಿ.” ಒಳಗಿಂದ ಅಕ್ಕ, “ಹೊತ್ತಿಗೆ ಸರಿಯಾಗಿ ಬಂದಿ ನೋಡು ತಮ್ಮಾ, ಹಸಿದ ಮೂಗು ಮೂವತ್ತ ಮೈಲಿದ ರೊಟ್ಟಿ ವಾಸನಿ ಹಿಡಿತೈತಿ. ಕೈ ಕಾಲ ತೊಳ್ಕೊ,” ಅಂದಳು.

ಹಲಗೆ ಕಟ್ಟೆಯ ಮೇಲಿತ್ತು. ಚಾಕುವಿನ ಗೀರುಗಳು ತುಂಬಿದ್ದವು, ನಡುವಿನ ಬಿಲ್ಲೆಯ ಮೇಲೇ ಹೆಚ್ಚು; ಎಲ್ಲರ ಕೈಯೂ ನಡುವಿಗೇ ಹೋಗುತ್ತದೆ. ಗೀರಿನೊಳಗೆ ಮೆಂತೆಯ ಹಸಿರು ಕೂತಿತ್ತು. ಪಕ್ಕದ ತಾಟಿನಲ್ಲಿ ಆಗಲೇ ಹೆಚ್ಚಿಟ್ಟ ಸೌತೆಕಾಯಿ.

ಇಲ್ಲಿ ನಾನು ಮಾಡಿದ್ದನ್ನು ಮೊದಲ ಎರಡು ಸಲವೂ ಬರೆದಿರಲಿಲ್ಲ. ನಾನು ಊಟಕ್ಕೆ ಕೂತೆ. ಅಕ್ಕ ಬಡಿಸಿದಳು, ಆ ಸೌತೆಕಾಯಿ ನನ್ನ ತಾಟಿಗೂ ಬಂತು, ಅಕ್ಕನ ಮಗಳ ತಾಟಿಗೂ ಬಂತು. ನಾನು ತಿಂದೆ. ಅವಳೂ ತಿಂದಳು. ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ ಇದ್ದವು. ಎರಡು ರೊಟ್ಟಿ ಮುಗಿಯಿತು. ಕೈ ತೊಳೆದು ಬಂದ ಮೇಲೆ ಹೇಳಿದೆ.

ಅಕ್ಕನಿಗೆ ಮೊದಲು ತಿಳಿಯಲಿಲ್ಲ. “ಅಪ್ಪನ ಕೂರಿಗ್ಯಾಗ ವಿಷ ಅಂತೀಯೇನೋ?”

“ವಿಷ ಅಂತ ಅಲ್ಲಕ್ಕಾ. ಬೀಜಕ್ಕ ಹುಳಾ ಹತ್ತಬಾರದಂತ ಕೆಂಪನ್ನ ಪುಡಿ ಕಲಸ್ತಿದ್ರಲ್ಲ, ಅದು ಬಟ್ಟಲದಾಗ ಇಳದೈತಿ. ಇನ್ನ ಮ್ಯಾಲ ಅದರ ಮ್ಯಾಲ ಹೆಚ್ಚಬ್ಯಾಡ್ರಿ.”

ಅಕ್ಕನ ಮಗಳು ಎದ್ದಳು. ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ ತಂದು ಹಲಗೆಯನ್ನು ಅದರಲ್ಲಿ ಹಾಕಿ ಎರಡು ಗಂಟು ಕಟ್ಟಿದಳು. ಚಾಕು, ತಾಟು, ಕಟ್ಟೆ ಸಾಬೂನು ಹಚ್ಚಿ ತೊಳೆದಳು, ಕೈಯನ್ನು ಮೊಣಕೈವರೆಗೆ ತೊಳೆದಳು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ, “ನಿಮಗ ಯಾವಾಗ ಗೊತ್ತಾತು ಮಾಮಾ?” ಅಂದಳು.

“ನಿನ್ನೆ.”

“ಹಂಗಾರ ಊಟಕ್ಕ ಕುಂಡ್ರೂಕಿಂತ ಮೊದಲ ಗೊತ್ತಿತ್ತು.”

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. “ಡಾಕ್ಟರಿಗೆ ಹೇಳೂಣು ನಡೀರಿ. ಈಗ ಕುಂತಿರ್ತಾರ,” ಎಂದು ಸೀರೆ ಬದಲಿಸಲು ಒಳಗೆ ಹೋದಳು.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. “ಅವತ್ತ ನನಗ ಏಳರಾಗಿತ್ತು,” ಅಂದಳು.

ಅವಳು ಹೇಳುತ್ತಿದ್ದುದು ನಲವತ್ತೈದು ವರ್ಷದ ಹಿಂದಿನ ಮಾತು. ಅಕ್ಕ ಮೊದಲ ಬಸಿರಿನಲ್ಲಿ ಹೊಂಬಳಕ್ಕೆ ಬಂದಿದ್ದಳು. ಮುಂಗಾರಿಯಲ್ಲಿ ಮೊದಲ ಬೀಜವನ್ನು ಬಸುರಿಯ ಕೈಯಿಂದ ಹಾಕಿಸುವುದು ನಮ್ಮ ಮನೆಯ ರೂಢಿ; ಹೊಲಕ್ಕೂ ಹಾಗೆ ಫಲ ನಿಲ್ಲಲಿ ಎಂದು. ಬೀಜವನ್ನು ಅವಳ ಉಡಿಯಲ್ಲಿ ತುಂಬುತ್ತಾರೆ, ಸೆರಗು ಸುತ್ತಿ ಹೊಟ್ಟೆಯ ಮೇಲೆ ಕಟ್ಟಿದ ಮಡಿಲಲ್ಲಿ. ಅವಳು ಅಲ್ಲಿಂದ ಮುಷ್ಟಿ ತುಂಬಿ ಬಟ್ಟಲಿಗೆ ಹಾಕಬೇಕು. ಅಕ್ಕ ಹಾಕಿದಳು. ಮುಂದೆ ಮಗು ಹುಟ್ಟಿತು, ಒಂದು ದಿನ ಇತ್ತು. ಅದು ಗಂಡೋ ಹೆಣ್ಣೋ ಎಂದು ನಾನು ಇವತ್ತಿನವರೆಗೆ ಅಕ್ಕನನ್ನು ಕೇಳಿಲ್ಲ. ಅದಾಗಿ ಹನ್ನೆರಡು ವರ್ಷದ ಮೇಲೆ ಹುಟ್ಟಿದವಳು ಈಗ ಒಳಗೆ ಸೀರೆ ಬದಲಿಸುತ್ತಿದ್ದಳು.

ಬಸ್ಸಿನಲ್ಲಿ ಅಷ್ಟು ದೂರ ಬಂದೆನಲ್ಲ, ಇದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಕೆಂಪನ್ನು ವಿಷವೆಂದು ಮಗಳಿಗೆ ಹೇಳಿದರೆ ತಾಯಿಗೂ ಹೇಳಿದಂತೆ ಎಂಬುದು.

“ಆ ಪುಡಿ ನಮ್ಮ ಮನಿಗೆ ಮೊದಲ ಬಂದದ್ದು ಆ ವರ್ಷನ,” ಅಕ್ಕ ಅಂದಳು. “ಪಾಕೀಟ ಓದಿದಾವ ನೀನ.”

“ನಾನೆಲ್ಲಿದ್ದೆ ಅಕ್ಕಾ? ನಾ ಗದಗಿನ ಹಾಸ್ಟೆಲ್ಲಿನಾಗಿದ್ದೆ. ಪುಡಿ ಕಲಸಿದ್ದು ಅಪ್ಪ.”

“ಅಪ್ಪಗ ಓದಾಕ ಬರತಿತ್ತೇನೋ? ಇಂಗ್ಲಿಷಿನಾಗಿತ್ತು. ಮನ್ಯಾಗ ಮ್ಯಾಟ್ರಿಕ್ ಪಾಸಾದಾವ ಅಂದ್ರ ನೀ ಒಬ್ಬನ. ಎಲ್ಲಾರೂ ನಿನ್ನ ಬಾಯಿ ನೋಡಕೋತ ಕುಂತಿದ್ವಿ. ನೀ ಓದಿದಂಗ ಮಾಡಿ, ‘ಏನಿಲ್ಲಾ, ಕಲಸಿದ ಮ್ಯಾಲ ಕೈ ತೊಳ್ಕೋಬೇಕಂತ’ ಅಂದಿ. ತೊಳ್ಕೊಂಡ್ವಿ.”

“ಹಂಗ ಏನೂ ಆಗಿಲ್ಲ. ಮತ್ತ ನೀ ಬರೇ ಮುಟ್ಟಿದ್ದಲ್ಲ, ಮಧ್ಯಾಹ್ನದ ತನಕಾ ಕೂರಿಗಿ ಹಿಂದ ಅಡ್ಡಾಡಿದಿ, ಹಸರ ಸೀರಿ ಉಟ್ಟು, ಉಡಿ ಜೋತು ಬಿದ್ದಿತ್ತು...”

ಹೇಳಬಾರದ ಮಾತು ಬಾಯಿಂದ ಹೋಗಿತ್ತು. ಅಕ್ಕ ನನ್ನನ್ನೇ ನೋಡಿದಳು.

“ಅದು ಅವ್ವ. ನಾ ಐದ ಮುಷ್ಟಿ ಹಾಕಿ ಬದುವಿನ ಮ್ಯಾಲ ಬಂದು ಕುಂತೆ.” ಆಮೇಲೆ, “ಹಾಸ್ಟೆಲ್ಲಿನಾಗ ಕುಂತಾವಗ ನನ್ನ ಹಸರ ಸೀರಿ ಹೆಂಗ ಕಾಣಿಸ್ತೋ ತಮ್ಮಾ?” ಅಂದಳು.

ಹಾಸ್ಟೆಲ್ ನನ್ನ ನೆನಪಿನಲ್ಲಿ ಬಹಳ ಗಟ್ಟಿಯಾಗಿದೆ. ಕಬ್ಬಿಣದ ಮಂಚ, ಕಿಟಕಿಯಾಚೆಯ ರೈಲಿನ ಸದ್ದು, ಅಕ್ಕನ ಮಗುವಿನ ಸುದ್ದಿ ಹೊತ್ತು ಬಂದ ಕಾಕಾ. ಆದರೆ ಅದು ಮಗುವಿನ ಸುದ್ದಿ. ಬಿತ್ತನೆ ಅದಕ್ಕೂ ಎರಡು ತಿಂಗಳ ಹಿಂದಿನದು, ಮುಂಗಾರಿಯ ಮೊದಲ ಹಸಿಗೆ ಆದದ್ದು. ಆ ಹೊತ್ತಿಗೆ ಕಾಲೇಜೇ ತೆರೆದಿರುವುದಿಲ್ಲ. ನಾನು ಊರಲ್ಲೇ ಇರಬೇಕು. ಒಂದು ಗಟ್ಟಿ ನೆನಪನ್ನು ತಂದು, ಅದು ಸೇರದ ಜಾಗದಲ್ಲಿ ಕೂರಿಸಿ, ಬೆಣೆ ಹೊಡೆದಿದ್ದೆ.

ಪಾಕೀಟು ಇನ್ನೂ ನೆನಪಾಗುತ್ತಿಲ್ಲ. ಅದರ ಬಣ್ಣ, ಅಕ್ಷರ, ಯಾವುದೂ. ಆದರೆ ಅಕ್ಕ ಹೇಳಿದ ‘ಓದಿದಂಗ ಮಾಡಿ’ ಎಂಬ ಮಾತಿನಲ್ಲಿ ಇರುವವನು ನನಗೆ ಗುರುತಿನವನು. ಅವನು ಕಚೇರಿಯಲ್ಲೂ ಮೂವತ್ತೈದು ವರ್ಷ ತಿಳಿಯದ ಕಾಗದಗಳ ಮೇಲೆ ಕಣ್ಣಾಡಿಸಿ ತಲೆಯಾಡಿಸಿದ್ದಾನೆ. ಹದಿನಾರರ ಹುಡುಗನಾಗಿ, ಮನೆಯವರೆಲ್ಲ ಬಾಯಿ ನೋಡುತ್ತ ಕೂತಾಗ, ನನಗೆ ತಿಳಿಯುತ್ತಿಲ್ಲ ಎಂದು ಅವನು ಹೇಳಿರಲಾರ.

ಆಟೋದಲ್ಲಿ ಮೂವರೂ ಕೂತೆವು. ಚೀಲ ಅಕ್ಕನ ಮಗಳ ಕಾಲ ಬಳಿ. ದವಾಖಾನೆಯ ಬೆಂಚಿನ ಮೇಲೆ ಸರದಿಗೆ ಕಾಯುವಾಗ ಅಕ್ಕ ಅದನ್ನು ನೋಡುತ್ತ, “ಸಿಂಗಟಾಲೂರಿಗೆ ಹೋಗಿ ಹೊಳಿಗೆ ಬಿಟ್ಟು ಬಂದ್ರಾತು. ಹಳೇ ದೇವರ ಫೋಟೋ ಬಿಡೂದಿಲ್ಲೇನು,” ಅಂದಳು.

“ಆ ನೀರ ಎತ್ತಿ ಎಲ್ಲಾರ ಹೊಲಕ್ಕೂ ಬಿಡ್ತಾರವ್ವಾ,” ಮಗಳು ಅಂದಳು.

“ಹಂಗಾರ ಒಲಿಗೆ ಹಾಕು ಅಂತಿಯಾ, ಕೂರಿಗೀನ?”

“ಹೊಗಿ ಯಾರ ಕುಡೀಬೇಕು?”

“ಹೊಲದಾಗ ಹೂತರ?”

ಅಷ್ಟರಲ್ಲಿ ನಮ್ಮ ಹೆಸರು ಕೂಗಿದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಚೀಲದ ಗಂಟು ಬಿಚ್ಚಿಸಲಿಲ್ಲ. ಯಾವ ಔಷಧ ಎಂದು ಕೇಳಿದರು. ಗೊತ್ತಿಲ್ಲವೆಂದೆ. ಎಷ್ಟು ಹಳೆಯದು ಎಂದು ಕೇಳಿದರು, ಹೇಳಿದೆ. ಎಷ್ಟು ದಿನ ಬಳಸಿದಿರಿ, ಎಷ್ಟು ಸಲ, ವಾಂತಿ ಆಯಿತೇ, ಕೈಕಾಲು ಜೋಮು ಹಿಡಿಯಿತೇ ಎಂದು ಅಕ್ಕನ ಮಗಳನ್ನು ಕೇಳಿ ಬರೆದುಕೊಂಡರು. “ಇಷ್ಟ ಆಗಿರಬಹುದು, ಇಷ್ಟ ಆಗಿಲ್ಲ ಅಂತ ನಾ ಇಲ್ಲಿ ಕುಂತು ಹೇಳಾಕ ಬರೂದಿಲ್ಲ. ಮೈಯೊಳಗ ಹೋಗಿದ್ರ ಭಾಳ ಕಡಿಮಿ ಹೋಗಿರತೈತಿ. ರಕ್ತಾ ಕಳಸೂಣು, ನಾಳೆ ಸ್ಕ್ಯಾನ್ ಮಾಡೂಣು. ಹೆದರಬ್ಯಾಡ್ರಿ. ಹಂಗಂತ ಹಗುರಾಗೂ ತಗೋಬ್ಯಾಡ್ರಿ.” ನನ್ನ ಕಡೆ ನೋಡಿ, “ಉಳದ ಕಟಿಗಿ ಏನೈತಿ, ಇನ್ನ ಅದನ್ನ ಕೊಯ್ಯಾಕ ಹೋಗಬ್ಯಾಡ್ರಿ. ಧೂಳ ನಿಮಗೂ ಛಲೋ ಅಲ್ಲ,” ಅಂದರು. ನಾನು ಮಾಸ್ಕ್ ಹಾಕಿಕೊಂಡೇ ಕೊಯ್ದಿದ್ದೆ ಎಂದು ಹೇಳಹೊರಟು ಸುಮ್ಮನಾದೆ.

ರಕ್ತ ಕೊಡಲು ಅಕ್ಕನ ಮಗಳನ್ನು ನರ್ಸ್ ಪಕ್ಕದ ಕೋಣೆಗೆ ಕರೆದೊಯ್ದಳು. ಅಕ್ಕ ಕುರ್ಚಿಯಿಂದ ಏಳಲಿಲ್ಲ. ಮೇಜಿನ ಅಂಚು ಹಿಡಿದುಕೊಂಡಿದ್ದಳು.

“ಡಾಕ್ಟರ್ ಬಾಯಾರ, ಒಂದ ಮಾತ ಕೇಳಬೇಕಾಗಿತ್ತು. ಏಳ ತಿಂಗಳ ಬಸುರಿ, ಆ ಪುಡಿ ಹಚ್ಚಿದ ಬೀಜಾನ ಉಡ್ಯಾಗ ಕಟ್ಕೊಂಡು ಮಧ್ಯಾಹ್ನದ ತನಕಾ ಅಡ್ಡಾಡಿದ್ರ, ಕೂಸಿಗೆ ಏನಾರ ಆಗತೈತೇನ್ರಿ?”

ಮಧ್ಯಾಹ್ನದ ತನಕ, ಅಂದಳು. ಐದು ಮುಷ್ಟಿ ಅನ್ನಲಿಲ್ಲ. ಎರಡು ತಾಸಿನ ಹಿಂದೆ ನಾನು ಕೊಟ್ಟ ನೆನಪನ್ನು ಅವಳು ತನ್ನದರ ಬದಲು ಇಟ್ಟುಕೊಂಡಿದ್ದಳೋ, ಅಥವಾ ಇಷ್ಟು ವರ್ಷ ಅವಳೊಳಗೆ ಇದ್ದದ್ದೂ ಅದೇಯೋ, ನನಗೆ ತಿಳಿಯಲಿಲ್ಲ. ನನಗೆ ಆ ಹಸಿರು ಸೀರೆ ಈಗಲೂ ಕಾಣುತ್ತದೆ. ಅದರೊಳಗಿನ ಹೆಂಗಸಿನ ಮುಖ ಕಾಣುವುದಿಲ್ಲ. ಅದು ಅವ್ವ ಇರಬಹುದು. ಅಕ್ಕ ಇರಬಹುದು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಯಾರು ಅಮ್ಮಾ? ಯಾವಾಗಿನ ಮಾತಿದು?”

ಅಕ್ಕ ಮೇಜಿನ ಅಂಚನ್ನೇ ನೋಡುತ್ತಿದ್ದಳು.

“ಮಧ್ಯಾಹ್ನದ ತನಕಾ ಅಲ್ರಿ,” ನಾನೆಂದೆ. “ಐದ ಮುಷ್ಟಿ ಅಷ್ಟ. ಹಾಕಿ ಬದುವಿನ ಮ್ಯಾಲ ಹೋಗಿ ಕುಂತಳು. ನಾ ಅಲ್ಲೇ ಇದ್ದೆ.”

“ನೀವು ನೋಡೀರಿ?”

“ನೋಡೀನ್ರಿ. ಪಾಕೀಟ ಓದಿದಾವನೂ ನಾನ. ನನಗ ಓದಾಕ ಬಂದಿರಲಿಲ್ಲ, ಬಂದೈತಿ ಅಂತ ಹೇಳಿದ್ದೆ.”

ಡಾಕ್ಟರು ನಮ್ಮಿಬ್ಬರನ್ನೂ ನೋಡಿದರು. ಅಕ್ಕ ಮೇಜಿನ ಅಂಚು ಬಿಟ್ಟು, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಪಕ್ಕದ ಕೋಣೆಯಿಂದ ಅವಳ ಮಗಳು ನರ್ಸಿಗೆ, “ಹಗೂರಕ ಚುಚ್ಚಬೇ, ನಾ ಅಂಜತೀನಿ,” ಅನ್ನುವುದು ಕೇಳಿಸುತ್ತಿತ್ತು.

“ಐದ ಮುಷ್ಟಿರಿ,” ಅಕ್ಕ ಡಾಕ್ಟರಿಗೆ ಹೇಳಿದಳು. “ಇಂವ ಅಲ್ಲೇ ಇದ್ದ.”